ಅಲಗು ನೋಡುವ ನೆವ

ನನ್ನ ಅಪ್ಪ ಯಾವುದನ್ನೂ ಪರೀಕ್ಷೆ ಮಾಡದೆ ಮನೆಯೊಳಗೆ ಬಿಟ್ಟುಕೊಂಡವನಲ್ಲ. ಕಲ್ಲಂಗಡಿಯನ್ನು ಬಡಿದು ನೋಡುತ್ತಿದ್ದ. ಕೊಡೆಯನ್ನು ಅಂಗಡಿಯ ಮುಂದೆಯೇ ಬಿಚ್ಚಿ ಅದರ ಮೇಲೆ ನೀರು ಹಾಕಿಸುತ್ತಿದ್ದ. ನನ್ನ ಗಂಡನನ್ನು ಒಪ್ಪುವ ಮೊದಲು ದಮ್ಮು ನೋಡಲಿಕ್ಕೆಂದು ಅವರನ್ನು ಉಣಕಲ್ ಕೆರೆಯವರೆಗೆ ನಡೆಸಿಕೊಂಡು ಹೋಗಿ ಬಂದಿದ್ದ. ಹತ್ತಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ಅವನ ಉದ್ಯೋಗ, ಬಡಿಗತನ ಅವನ ಹುಚ್ಚು. ಕಮರಿಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಎದ್ದರೆ ಸೀರೆಗೆ ಕಟ್ಟಿಗೆಯ ಸುರುಳಿ ಹತ್ತಿರುತ್ತಿತ್ತು.

ಯುದ್ಧದ ಕಾಲ ಅದು. ಬಡಿಗತನದ ವಿಲಾಯತಿ ಹತಾರು ಬರುವುದು ನಿಂತಿತ್ತು. ನಾನು ಎರಡನೆಯ ಹೆರಿಗೆಗೆ ತವರಿಗೆ ಬಂದಾಗ ಅಪ್ಪ ಪೇಟೆಯಿಂದ ಅಗ್ಗದ ಅಲಗುಗಳ ಗಂಟೊಂದನ್ನು ತಂದಿದ್ದ. ಕಟ್ಟಿಗೆ ಹೆರೆಯುವ ರಂದಾ ಒಂದೇ, ಅದಕ್ಕೆ ಬದಲಿಸಿ ಹಾಕುವ ಅಲಗು ಬೇರೆ ಬೇರೆ. ಅಂಚು ದುಂಡು ಮಾಡುವುದೊಂದು, ಗೀರು ಕೊರೆಯುವುದೊಂದು, ಬಾಗು ತೆಗೆಯುವುದೊಂದು.

ನಮ್ಮಲ್ಲಿ ಕೂಸಿಗೆ ತೊಟ್ಟಿಲು ತವರಿನಿಂದ ಬರಬೇಕು. ಮೊದಲ ಸಲ ನಾನು ಬಸುರಿ ಎಂದು ತಿಳಿದದ್ದೇ ತಡ, ಅಪ್ಪ ಸಾಗವಾನಿಯ ತೊಟ್ಟಿಲು ಮಾಡಿ, ತೊಲೆಗೆ ತೂಗುಹಾಕಿ, ಬಂದವರಿಗೆಲ್ಲ ತೋರಿಸಿದ್ದ. ಅವ್ವ ಇರಲಿಲ್ಲ. ಮನೆ ನಡೆಸುತ್ತಿದ್ದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಸಬ್ಯಾಡೋ ತಮ್ಮಾ" ಎಂದು ಅವಳು ನಗುತ್ತಲೇ ಅಂದಿದ್ದಳು. ಆ ಕೂಸು ಹೆಸರಿಡುವ ದಿನದ ತನಕ ಉಳಿಯಲಿಲ್ಲ. ಅಪ್ಪ ತೊಟ್ಟಿಲು ಇಳಿಸಿ, ಹಿತ್ತಲಲ್ಲಿ ಒಡೆದು, ಹಂಡೆಯ ಒಲೆಗೆ ಹಾಕಿದ. ಅವನ ಅವಸರದಿಂದಲೇ ಹೀಗಾಯಿತೆಂದು ಯಾರೂ ಅನ್ನಲಿಲ್ಲ. ಅಲ್ಲ ಎಂದೂ ಯಾರೂ ಅನ್ನಲಿಲ್ಲ.

ಹೀಗಾಗಿ ಈ ಸಲ ಮನೆಯಲ್ಲಿ ತೊಟ್ಟಿಲಿನ ಸುದ್ದಿಯೇ ಇರಲಿಲ್ಲ.

"ಏನ ಮಾಡಾಕತ್ತೀಯೋ?" ಎಂದು ಅತ್ತೆ ಕೇಳಿದರೆ, "ಅಲಗು ನೋಡಾಕತ್ತೇನಿ ಅಕ್ಕಾ. ಅಗ್ಗದ ಮಾಲು, ನಂಬಾಕ ಬರೂದಿಲ್ಲ" ಎನ್ನುತ್ತಿದ್ದ.

ನೋಡಿದ್ದು ಸುಳ್ಳಲ್ಲ. ಪ್ರತಿಯೊಂದನ್ನೂ ಮೊದಲು ಬೇವಿನ ತುಂಡಿನ ಮೇಲೆ, ಆಮೇಲೆ ಜಾಲಿಯ ಮೇಲೆ ಓಡಿಸಿದ. ಗೀರಿನ ಅಲಗಿನ ಉಕ್ಕು ಮೆತ್ತಗಿದ್ದು ಬೇವಿಗೇ ಬಾಯಿ ಮಡಚಿತು. ಬಾಗಿನದು ಜಾಲಿಯ ಗಂಟಿಗೆ ಬಡಿದು ಹಲ್ಲು ಉದುರಿಸಿಕೊಂಡಿತು. ದುಂಡನೆಯದು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. "ಇದೊಂದ ಛಲೋ ಐತಿ, ಉಳದದ್ದು ಬರೇ ವಜ್ಜಾ" ಎಂದು ಅಪ್ಪ ತೀರ್ಪು ಕೊಟ್ಟ. ಪರೀಕ್ಷೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದುಂಡು ಅಲಗನ್ನು ಸಾಗವಾನಿಯ ಪಟ್ಟಿಗಳ ಮೇಲೆ ನೋಡುವುದು ಶುರುವಾಯಿತು. ಪಟ್ಟಿಗಳೆಲ್ಲ ಒಂದೇ ಅಳತೆಯವು, ತುದಿಗೆ ಕೂಡಿಸಲು ತೂತು ಬೇರೆ. ಅತ್ತೆಗೇನು ಕಣ್ಣಿರಲಿಲ್ಲವೇ? "ಅಲಗು ಭಾಳ ತ್ರಾಸ ಕೊಡಾಕತ್ತೈತಿ ಅನಸ್ತೈತಿ" ಎಂದು ಚಹಾ ಇಟ್ಟು ಒಳಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಅಪ್ಪ ದುಂಡು ಮಾಡಿದ ಅಂಚನ್ನು ತನ್ನ ಕೆನ್ನೆಗೆ ಉಜ್ಜಿ ನೋಡುತ್ತಿದ್ದ. ಗಡ್ಡದ ಕೆನ್ನೆಗೆ ಏನು ತಿಳಿದೀತೆಂದು ಕಣ್ಣುರೆಪ್ಪೆಗೂ ತಾಗಿಸಿದ. ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಸಿಟ್ಟೇ ಬಂದಂತಾಯಿತು.

ಹೆಣ್ಣು ಹುಟ್ಟಿತು. ಗಟ್ಟಿ ಕೂಸು, ಓಣಿಗೆ ಕೇಳುವಂತೆ ಅಳುತ್ತಿತ್ತು. ಅಪ್ಪ ಮಾತ್ರ ಬಾಣಂತಿ ಕೋಣೆಯ ಬಾಗಿಲಿಗೂ ಬರಲಿಲ್ಲ. ಹೊರಗಿನಿಂದಲೇ "ಹಾಲು ಕುಡೀತೇನು?" ಎಂದು ಕೇಳಿ ಹೋಗುತ್ತಿದ್ದ. ಹೆಸರಿಡುವ ಮುನ್ನಾದಿನವೂ ಪಟ್ಟಿಗಳು ಗೋಡೆಗೆ ಒರಗಿಯೇ ಇದ್ದವು.

"ಇನ್ನರೆ ಜೋಡಸೋ ತಮ್ಮಾ" ಎಂದಳು ಅತ್ತೆ.

"ಅಲಗು ಇನ್ನೊಮ್ಮಿ ನೋಡತೇನಿ."

"ನಿನ್ನ ಅಲಗಿಗೆ ಬೆಂಕಿ ಹತ್ತಲಿ."

ಬಾಣಂತಿ ಹೊಸ್ತಿಲು ದಾಟಬಾರದು. ನಾನು ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಹೆಗಲಿಗೆ ಹಾಕಿಕೊಂಡು, ಗೋಡೆ ಹಿಡಿದು ಬಂದು ಅಪ್ಪನ ಎದುರಿಗೆ ಕೂತೆ. ಅತ್ತೆ ಬೈಯಲಿಕ್ಕೆ ಬಾಯಿ ತೆರೆದವಳು ಎದ್ದು ಹೋಗಿ ಗಾಳಿ ಬರುವ ಬಾಗಿಲು ಮುಂದೆ ಮಾಡಿದಳು.

"ಅಪ್ಪಾ, ಆ ಕೂಸು ಜ್ವರದಿಂದ ಹೋತು. ತೊಟ್ಟಲದಿಂದಲ್ಲ."

ಅವನು ತಲೆ ಎತ್ತಲಿಲ್ಲ. ಪಟ್ಟಿಯ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿದ್ದ.

"ನಿನಗ ಯಾವತ್ತೂ ಹಂಗ ಅನಸಿಲ್ಲೇನ?"

ಇಲ್ಲ ಎನ್ನಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಂದೂ ಬಿಡುತ್ತಿದ್ದೆ.

"ಮೊದಲ ಅನಸಿತ್ತು" ಎಂದೆ. "ಯಾರ ಮ್ಯಾಲರೆ ಹಾಕಬೇಕಿತ್ತಲ್ಲಪಾ. ಈಗ ಹಂಗಿಲ್ಲ."

ಆಗ ಅಪ್ಪ ನನ್ನ ಮುಖ ನೋಡಿದ. ಅವನ ಕಣ್ಣು ತುಂಬಿದವು, ನನ್ನವೂ. ಕೂಸು ನನ್ನ ಹೆಗಲ ಮೇಲೆ ನಿದ್ದೆಯಲ್ಲೇ ತುಟಿ ಚೀಪಿತು.

"ಒಳಗ ಕರಕೊಂಡ ಹೋಗವಾ, ಸಪ್ಪಳಕ್ಕ ಎದ್ದೀತು" ಎಂದು ಅಪ್ಪ ಪಟ್ಟಿಗಳನ್ನು ಹತ್ತಿರ ಎಳೆದುಕೊಂಡು, ಬಡಿದು ಕೂಡಿಸುವ ಕೊಡತಿ ಕೈಗೆ ತೆಗೆದುಕೊಂಡ.