ಸೋತವನು ಗೋವಾ ಬಿಡಬೇಕು

ನನ್ನ ಗಂಡ ಖಳನಾಯಕ. ಸಿಟ್ಟಿನಲ್ಲಿ ಹೇಳುತ್ತಿರುವ ಮಾತಲ್ಲ ಇದು. ಸಿಟ್ಟು ಬಂದಾಗ ಅವರಿಗೆ ಹೇಳಲು ಬೇರೆ ಮಾತುಗಳನ್ನು ಇಟ್ಟುಕೊಂಡಿದ್ದೇನೆ. ವಾರವೆಲ್ಲ ಅವರು ಗೋವೆಯ ಕೊರ್ಲಿಮ್‌ನ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ರಜೆಯ ದಿನ ಫೋಂಡಾದಲ್ಲೋ ಮಾಪ್ಸಾದಲ್ಲೋ ಯಾವುದಾದರೂ ಸಭಾಂಗಣದಲ್ಲಿ ಹಗ್ಗ ಬಿಗಿದ ಅಖಾಡ ಎದ್ದಿತೆಂದರೆ ನನ್ನ ಕಾಡಿಗೆ ಡಬ್ಬಿ ತೆಗೆದುಕೊಂಡು ಹೊರಡುತ್ತಾರೆ. ಕಣ್ಣ ಸುತ್ತ ಅದನ್ನು ಬಳಿದುಕೊಂಡು, ನಾನೇ ಹೊಲಿದುಕೊಟ್ಟ ಕೆಂಪು ನಿಲುವಂಗಿ ತೊಟ್ಟು, ಟಿಕೆಟ್ ತೆಗೆದು ಬಂದ ಜನರಿಂದ ಮನಸಾರೆ ಬೈಸಿಕೊಂಡು, ಒದೆ ತಿಂದು, ಮನೆಗೆ ಬಂದು ಅರಿಶಿನದ ಹಾಲು ಕೇಳುತ್ತಾರೆ.

ಟಿವಿಯಲ್ಲಿ ಬರುವ ಅಮೆರಿಕದ ಕುಸ್ತಿ ನೋಡಿದವರಿಗೆ ಈ ಆಟ ಗೊತ್ತಿರುತ್ತದೆ. ಯಾರು ಗೆಲ್ಲಬೇಕು, ಯಾರು ಯಾವಾಗ ಬೀಳಬೇಕು ಎಲ್ಲ ಮೊದಲೇ ಮಾತಾಗಿರುತ್ತದೆ. ಬೀಳುವುದು ಮಾತ್ರ ಖರೆ. ಬೆನ್ನಿಗೆ ಮುಲಾಮು ಹಚ್ಚುವವಳು ನಾನಾದ್ದರಿಂದ ಇಷ್ಟು ಬಲ್ಲೆ. ನಮ್ಮ ಕಡೆ ಇದನ್ನು ನಡೆಸುವವನು ಒಬ್ಬ ಜಿಮ್ ಮಾಲೀಕ. ಸಕ್ಕರೆ ಕಾಯಿಲೆ ಬರುವ ಹಾಗಿದೆ, ಮೈ ಇಳಿಸಿ ಎಂದು ಡಾಕ್ಟರು ಹೇಳಿದ್ದಕ್ಕೆ ಇವರು ಆ ಜಿಮ್ಮಿಗೆ ಸೇರಿದರು. ಮಾಲೀಕ ಇವರ ಎತ್ತರ, ಹೊಟ್ಟೆ, ಧಾರವಾಡದ ಮೀಸೆ ಎಲ್ಲ ನೋಡಿ ಮೈ ಇಳಿಸುವುದು ಬೇಡವೇ ಬೇಡ ಎಂದ. ನಲವತ್ತು ದಾಟಿದ ಗಂಡಸಿಗೆ ಹಾಗೆ ಹೇಳುವವನೊಬ್ಬ ಸಿಕ್ಕರೆ ಇನ್ನೇನು ಬೇಕು.

ಇವರು ಬಾಯಿ ತೆರೆಯುವವರೆಗೆ ಯಾರಿಗಾದರೂ ಎದೆ ಧಸಕ್ಕೆನ್ನಬೇಕು. ತೆರೆದರೆ ಮುಗಿಯಿತು. ಬಸ್ಸಿನಲ್ಲಿ ತಮ್ಮ ಕಾಲು ತುಳಿದವರಿಗೆ ತಾವೇ ಸಾರಿ ಹೇಳುವ ಮನುಷ್ಯ. ಎದುರಾಳಿಗೆ ಮೈಕಿನಲ್ಲಿ ಬೆದರಿಕೆ ಹಾಕುವುದು ಈ ಆಟದಲ್ಲಿ ಕುಸ್ತಿಯಷ್ಟೇ ಮುಖ್ಯವಂತೆ. ಇವರು ಕಪಾಟಿನ ಕನ್ನಡಿಯ ಮುಂದೆ ನಿಂತು ಹಿಂದಿಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ನಾನು ಹೊಲಿಗೆ ಮಷಿನ್ ನಿಲ್ಲಿಸಿ ಕೇಳುತ್ತಿದ್ದೆ. 'ಆಪ್ ಕೀ ಹಡ್ಡಿ ತೋಡ್ ದೂಂಗಾ ಜೀ' ಎಂದು ಘರ್ಜಿಸುತ್ತಿದ್ದರು. ಎಲುಬು ಮುರಿಸಿಕೊಳ್ಳುವವನಿಗೆ ಬಹುವಚನ ಯಾಕ್ರಿ ಎಂದು ಕೇಳಿದರೆ, ಪರಿಚಯ ಇಲ್ಲದವರಿಗೆ ಏಕವಚನದಲ್ಲಿ ಹೇಗೆ ಅನ್ನುವುದು ಎಂದು ನನ್ನನ್ನೇ ಕೇಳಿದರು.

ಪರಿಚಯ ಇಲ್ಲ ಎನ್ನುವುದೂ ಸುಳ್ಳು. ಇವರ ಜನ್ಮವೈರಿ ದಾಬೋಲಿಮ್ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ಕೆಲಸದ ತರುಣ, ಅಪ್ಪಟ ಗೋವೆಯವನು. ಪೋಸ್ಟರಿನಲ್ಲಿ ಅವನ ಹೆಸರು 'ಗೋಂಯಚೊ ವಾಘ್', ಅಂದರೆ ಗೋವೆಯ ಹುಲಿ. ಈ ಹುಲಿ ಆಗಾಗ ನಮ್ಮ ಮನೆಗೆ ಬಂದು, ನನ್ನ ಅತ್ತೆ ಬಡಿದ ಜೋಳದ ರೊಟ್ಟಿಯನ್ನು ಎಣಗಾಯಿಯ ಜೊತೆ ತಿಂದು, ಮೀನಿಲ್ಲದ ಊಟಕ್ಕೂ ಇಷ್ಟು ರುಚಿ ಇರುತ್ತದೆಂದು ಗೊತ್ತೇ ಇರಲಿಲ್ಲ ಎಂದು ಹಿಂದಿ, ಕೊಂಕಣಿ ಎರಡೂ ಬೆರೆಸಿ ಹೊಗಳುತ್ತದೆ. ಅತ್ತೆಯನ್ನು ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತದೆ. ಅಖಾಡದಲ್ಲಿ ಇವರನ್ನು ಎತ್ತಿ ಒಗೆಯುವ ಮೊದಲು, ಮೊಣಕಾಲು ನೋವು ಈಗ ಹೇಗಿದೆ ಎಂದು ಕಿವಿಯಲ್ಲಿ ಕೇಳುತ್ತದಂತೆ. ನನಗೂ ನನ್ನ ನಾದಿನಿಯರಿಗೂ ಇಂಥ ವೈರ ಇದ್ದಿದ್ದರೆ ಸಂಸಾರ ಎಷ್ಟೋ ಸುಖವಾಗಿರುತ್ತಿತ್ತು.

ಇವರ ಅಖಾಡದ ಹೆಸರು 'ಘಾಟಿ'. ಗೋವೆಯಲ್ಲಿರುವ ನಮ್ಮವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಘಟ್ಟ ಇಳಿದು ಇಲ್ಲಿಗೆ ದುಡಿಯಲು ಬಂದ ನಮ್ಮಂಥವರನ್ನು ಕೀಳಾಗಿ ಕರೆಯುವ ಹೆಸರು ಅದು. ಚಿಂಬಲ್‌ನಲ್ಲಿ ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಗಾರೆ ಕೆಲಸದವರೂ ಘಾಟಿ, ಸಾಲ ಮಾಡಿ ಫ್ಲ್ಯಾಟ್ ಕೊಂಡ ನಾವೂ ಘಾಟಿ. ಮಾಲೀಕ ಸಂಕೋಚದಿಂದಲೇ ಈ ಹೆಸರು ಸೂಚಿಸಿದ್ದ. ಇವರು ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡರು. ನನಗೆ ಮೈಯೆಲ್ಲ ಉರಿದು ಎಷ್ಟೋ ದಿನ ಆ ನಿಲುವಂಗಿಗೆ ಕೈ ಹಚ್ಚಲಿಲ್ಲ. ಆಮೇಲೆ ಹಚ್ಚಿದೆ, ಜರಿಯನ್ನೂ ಇಟ್ಟೆ. ಹೊಲಿಯಲು ಕೂತ ಮೇಲೆ ಕೆಟ್ಟದಾಗಿ ಹೊಲಿಯುವುದು ನನ್ನಿಂದಾಗದು.

ಅತ್ತೆಗೆ ಮಾತ್ರ ನಾವು ಈ ಹೆಸರು ಹೇಳಿರಲಿಲ್ಲ. ಕೆಂಪು ಪೈಲ್ವಾನ ಅಂತ ಕರೀತಾರ ಎಂದು ಇಬ್ಬರೂ ಸೇರಿ ಸುಳ್ಳು ಹೇಳಿದ್ದೆವು. ಅದಕ್ಕೆ ಕಾರಣವಿತ್ತು.

ಅತ್ತೆ ಮದುವೆಯಾಗಿ ಧಾರವಾಡದಿಂದ ಗೋವೆಗೆ ಬಂದ ಹೊಸತು. ಒಂದು ದಿನ ಜೋಳದ ಹಿಟ್ಟಿನ ಚೀಲ ಹೊತ್ತು, ಮೊಣಕೈಯಲ್ಲಿ ದಾರಿ ಮಾಡಿಕೊಂಡು ಪಣಜಿಯ ಬಸ್ಸಿಗೆ ನುಗ್ಗಿ ಕಿಟಕಿಯ ಸೀಟು ಹಿಡಿದರಂತೆ. ಪಕ್ಕದ ಹೆಂಗಸು ಇನ್ನೊಬ್ಬಳ ಕಡೆ ತಿರುಗಿ 'ಘಾಟಿ' ಎಂದಳು. ನಮ್ಮ ಕನ್ನಡದಲ್ಲಿ ಘಾಟಿ ಹೆಂಗಸು ಎಂದರೆ ಯಾರಿಗೂ ಬಗ್ಗದವಳು, ಯಾರಿಂದಲೂ ಮೋಸ ಹೋಗದವಳು. ಅರ್ಧ ಬೈಗುಳ, ಮುಕ್ಕಾಲು ಹೊಗಳಿಕೆ. ಅತ್ತೆ ಹಿಗ್ಗಿ ಮನೆಗೆ ಬಂದು, ಈ ಊರಿನವರು ಇಷ್ಟು ಬೇಗ ನನ್ನನ್ನು ಗುರುತಿಸಿದರು ನೋಡಿ ಎಂದು ಮಾವನಿಗೆ ಹೇಳಿದರು. ಮಾವನಿಗೆ ನಿಜವಾದ ಅರ್ಥ ಗೊತ್ತಿತ್ತು. ಹೊಸ ಹೆಂಡತಿಯ ಮುಖ ನೋಡಿ ಹೇಳುವ ಮನಸ್ಸಾಗದೆ, ಹೌದು, ನೀ ಘಾಟಿನೇ ಎಂದುಬಿಟ್ಟರು. ಹೀಗೆ ವರ್ಷಗಟ್ಟಲೆ ಸಂತೆಯಲ್ಲಿ, ನಳದ ಹತ್ತಿರ ಯಾರು ಘಾಟಿ ಎಂದರೂ ಅತ್ತೆ ತಲೆ ಎತ್ತಿ, ಹೌದ್ರಿ ಎಂದು ನಗುತ್ತಿದ್ದರು. ಬೈದವರು ಎಷ್ಟು ಕಕ್ಕಾಬಿಕ್ಕಿಯಾಗಿರಬೇಕು ಎಂದು ನೆನೆದರೆ ನನಗೆ ಈಗಲೂ ನಗು ತಡೆಯಲಾಗುವುದಿಲ್ಲ.

ಆ ನಗು ನಿಂತದ್ದು ಇವರಿಂದ. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ಅಳುತ್ತ ಬಂದು, ಹುಡುಗರು ನನಗೆ ಘಾಟಿ ಅಂದರು ಎಂದರಂತೆ. ಛಲೋನ ಅಂದಾರಲ್ಲೋ ಎಂದು ಅತ್ತೆ ಬೆನ್ನು ತಟ್ಟಿದರು. ಆಗ ಮಗ ತಾಯಿಗೆ ಅದರ ಅರ್ಥ ಹೇಳಿದ. ಅಷ್ಟು ವರ್ಷಗಳ ಬಸ್ಸು, ಸಂತೆ, ನಳ ಎಲ್ಲವೂ ಅತ್ತೆಗೆ ಒಂದೇ ಸಲ ಅರ್ಥವಾಯಿತು. ಅಂದಿನಿಂದ ಅವರು ಬಸ್ಸಿನಲ್ಲಿ ಸೀಟಿಗಾಗಿ ನುಗ್ಗಲಿಲ್ಲ. ಸಿಕ್ಕರೆ ಕೂರುತ್ತಾರೆ, ಇಲ್ಲದಿದ್ದರೆ ನಿಲ್ಲುತ್ತಾರೆ. ನನಗೆ ಇದನ್ನೆಲ್ಲ ನಗುತ್ತಲೇ ಹೇಳಿದ್ದರು.

ಬರುವ ಭಾನುವಾರದ ಪಂದ್ಯ ಈವರೆಗಿನವುಗಳಲ್ಲೆಲ್ಲ ದೊಡ್ಡದು. ಅದಕ್ಕೂ ಒಂದು ಹಿನ್ನೆಲೆ ಇದೆ. ಕಳೆದ ಕೆಲವು ಪಂದ್ಯಗಳಲ್ಲಿ ಚಿಂಬಲ್ ಕಡೆಯ ನಮ್ಮ ಜನ ಗುಂಪು ಗುಂಪಾಗಿ ಬಂದು ಹಿಂದಿನ ಸಾಲುಗಳಲ್ಲಿ ಕೂತು, ಬೈಸಿಕೊಳ್ಳಬೇಕಾದ ಖಳನಾಯಕನಿಗೆ ಸಿಳ್ಳೆ ಹೊಡೆಯಲು ಶುರುಮಾಡಿದ್ದರು. ಮುಂದಿನ ಸಾಲಿನವರು ಘಾಟಿ ಎಂದು ಕೂಗಿದರೆ ಹಿಂದಿನವರೂ ಘಾಟಿ ಎಂದೇ ಕೂಗುವುದು. ಬೈಗುಳ ಯಾವುದು, ಜೈಕಾರ ಯಾವುದು ಎಂದು ಮಾಲೀಕನಿಗೆ ತಿಳಿಯದು. ಹುಲಿಗೆ ಚಪ್ಪಾಳೆ ಕಡಿಮೆಯಾಯಿತು. ಇದನ್ನು ಒಂದು ದಡ ಮುಟ್ಟಿಸಬೇಕೆಂದು ಮಾಲೀಕ ಹೊಸ ಷರತ್ತು ಹಾಕಿ ಊರೆಲ್ಲ ಪೋಸ್ಟರು ಅಂಟಿಸಿದ: ಹುಲಿಗೂ ಘಾಟಿಗೂ ಕೊನೆಯ ಕಾದಾಟ, ಸೋತವನು ಗೋವಾ ಬಿಡಬೇಕು. ಅಮೆರಿಕದವರಲ್ಲಿ ಇದು ಮಾಮೂಲಂತೆ. ಸೋತವನು ಕೆಲವು ತಿಂಗಳು ಮರೆಯಾಗಿದ್ದು, ಆಮೇಲೆ ಮುಖವಾಡ ಹಾಕಿಕೊಂಡು ಬೇರೆ ಹೆಸರಿನಲ್ಲಿ ಬರುತ್ತಾನಂತೆ. ಸೋಲುವವರು ಇವರೇ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ತರಕಾರಿ ಅಂಗಡಿಯ ಗೋಡೆಗೂ ಒಂದು ಪೋಸ್ಟರು ಬಿದ್ದಿತ್ತು. ಕಾಡಿಗೆ ಎಷ್ಟು ಬಳಿದರೂ ಮೀಸೆ ಮರೆಯಾಗುತ್ತದೆಯೇ. ಗುರುತು ಹಿಡಿದ ಅಂಗಡಿಯವಳು ಅತ್ತೆಯನ್ನು ಕರೆದು, ಅದರಲ್ಲಿದ್ದುದನ್ನು ಒಂದಕ್ಷರ ಬಿಡದೆ ಓದಿ ಹೇಳಿದಳು.

ಅತ್ತೆ ಮನೆಗೆ ಬಂದು ಚೀಲ ಇಳಿಸಿ ಬಾಗಿಲ ಕಡೆ ಮುಖ ಮಾಡಿ ಕೂತರು. ಸಂಜೆ ಮಗ ಬಂದ ಮೇಲೆ, ಈ ಕುಸ್ತಿ ಆಡಕೂಡದು ಎಂದರು. ಇದೆಲ್ಲ ಮೊದಲೇ ಮಾತಾಡಿಕೊಂಡ ಆಟ ಎಂದು ಇವರು ತಿಳಿಸಿ ಹೇಳಲು ಹೋದರು. ಅತ್ತೆ ಗರಡಿಯ ಪೈಲ್ವಾನರ ಮಗಳು. ಒಬ್ಬರ ಬೆನ್ನು ಮಣ್ಣಿಗೆ ಹತ್ತುವವರೆಗೆ ಬಿಡದ ನಿಕಾಲಿ ಕುಸ್ತಿಯ ಮಾತು ಕೇಳಿ ಬೆಳೆದವರು. ನಿಕಾಲಿ ಮೊದಲೇ ಆಗಿದ್ದರೆ ಕುಸ್ತಿ ಯಾಕೆ ಎಂದು ಕೇಳಿದರು. ಸುಳ್ಳೇ ಇರಲಿ, ನಿಮ್ಮಪ್ಪನನ್ನು ಸುಟ್ಟ ಊರಿದು, ಇದನ್ನು ಬಿಟ್ಟು ಹೋಗು ಅಂತ ಅಷ್ಟು ಮಂದಿಯ ಮುಂದೆ ಅನ್ನಿಸಿಕೊಂಡು ಬರುತ್ತೀಯಾ ಎಂದರು. ಇವರು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತರು.

"ಅವ್ವಾ, ಬ್ಯಾರೇದವರು ಆ ಮಾತು ಅಂದಾಗೆಲ್ಲ ನಾ ತಲಿ ಕೆಳಗ ಹಾಕೀನಿ," ಎಂದರು. "ನಾನ ಅದನ್ನ ಮೈಮ್ಯಾಲ ಹಾಕ್ಕೊಂಡು ನಿಂತಾಗ ಒಂದ ಸಲಾನೂ ಹಾಕಿಲ್ಲ."

ಈ ಹೆಸರು ಯಾಕೆ ಒಪ್ಪಿದಿರಿ ಎಂದು ನಾನು ಕೇಳಿದಾಗೆಲ್ಲ, ಮಾಲೀಕ ಇಟ್ಟದ್ದು ಬಿಡು ಎಂದು ಹಾರಿಸುತ್ತಿದ್ದ ಮನುಷ್ಯ. ಅವರ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು. ಇಷ್ಟು ವರ್ಷ ಹೆಂಡತಿಗೆ ಹೇಳದೆ ಇಟ್ಟುಕೊಂಡಿದ್ದರಲ್ಲ ಎಂದು ಸಿಟ್ಟೂ ಬಂತು. ಅತ್ತೆ ಮಾತ್ರ ಬಗ್ಗಲಿಲ್ಲ. ತಾಯಿ ಬೇಡವೆಂದರೆ ಇವರು ಆಡುವವರಲ್ಲ, ಆಡದಿದ್ದರೆ ಇವರು ಒಳಗೊಳಗೇ ಕುಗ್ಗಿಹೋಗುತ್ತಾರೆ. ಮರುದಿನದಿಂದ ಕನ್ನಡಿಯ ಮುಂದೆ ಘರ್ಜನೆ ನಿಂತಿತು. ಆ 'ಜೀ' ಕೇಳದೆ ನನಗೆ ಬ್ಲೌಸಿನ ಅಳತೆ ತಪ್ಪತೊಡಗಿತು.

ಇಂಥ ಹೊತ್ತಿನಲ್ಲಿ ಹುಲಿ ಬಂತು, ಊಟಕ್ಕೆ. ಪಂದ್ಯ ಗೆದ್ದ ಮೇಲೆ ಅದು ಮೈಕಿನಲ್ಲಿ ಆಡಬೇಕಾದ ಮಾತುಗಳನ್ನು ಇಬ್ಬರೂ ಕೂತು ಅಭ್ಯಾಸ ಮಾಡುವುದೆಂದು ಮೊದಲೇ ಮಾತಾಗಿತ್ತು. ಮನೆಯಲ್ಲಿ ನಡೆದದ್ದು ಪಾಪ ಅದಕ್ಕೆ ಗೊತ್ತಿಲ್ಲ. ಅತ್ತೆ ಎಂದಿನಂತೆ ಬಿಸಿ ರೊಟ್ಟಿ ಹಾಕಿದರು. ಹುಲಿ ಎಂದಿನಂತೆ ಸಂಕೋಚವಿಲ್ಲದೆ ಉಂಡಿತು. ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಪಡಸಾಲೆಯ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಭಾನುವಾರ ನನ್ನ ಮಗನಿಗೆ ಮೈಕಿನಲ್ಲಿ ಏನು ಹೇಳುತ್ತೀ, ಅದನ್ನು ಈಗ ನನ್ನ ಮುಂದೆ ಹೇಳು ಎಂದರು.

ಹುಲಿ ನನ್ನ ಮುಖ ನೋಡಿತು. ನಾನು ಫ್ಯಾನು ನೋಡಿದೆ. ಅದು ನೀರು ಕೇಳಿ ಕುಡಿಯಿತು, ಗಂಟಲು ಸರಿಮಾಡಿಕೊಂಡಿತು. ಕೊನೆಗೆ ಜ್ವರ ಬಂದವರ ದನಿಯಲ್ಲಿ, ಘಾಟಿ, ನಿನ್ನ ಘಟ್ಟ ಹತ್ತು, ನಡಿ ಇಲ್ಲಿಂದ ಎಂದು ಕೊಂಕಣಿಯಲ್ಲಿ ಹೇಳಿ, ಉಸಿರು ಬಿಡುವ ಮೊದಲೇ ಸಾರಿ ಮಾವ್ಶಿ ಎಂದು ಸೇರಿಸಿತು. ಇವರು ಆಟದ ಪ್ರಕಾರ ತಲೆ ತಗ್ಗಿಸಿ, ಸೋತವನಂತೆ ಬಾಗಿಲ ಕಡೆ ನಡೆದರು.

"ಹಾಂವ ವಚನಾ," ಎಂದರು ಅತ್ತೆ.

ನಾನು ಹೋಗುವುದಿಲ್ಲ ಎಂದು ಅದರ ಅರ್ಥ. ಅತ್ತೆಯ ಕೊಂಕಣಿ ಬದನೆಕಾಯಿ, ಕೊತ್ತಂಬರಿ ಕೊಳ್ಳುವಷ್ಟರದು. ಇಷ್ಟು ಚೊಕ್ಕವಾಗಿ ಅದನ್ನು ಆಡಿದ್ದು ನಾನು ಕೇಳಿರಲಿಲ್ಲ. ದನಿ ಎತ್ತಲಿಲ್ಲ, ಸಿಟ್ಟೂ ಮಾಡಲಿಲ್ಲ. ಹುಲಿಯ ಮುಖವನ್ನೇ ನೋಡುತ್ತ ಹೇಳಿದರು. ಎಷ್ಟು ವರ್ಷಗಳಿಂದ ಆ ಎರಡು ಮಾತುಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದರೋ ಎನಿಸಿ ನನ್ನ ಕಣ್ಣು ತುಂಬಿತು.

ಮೊದಲು ಚೇತರಿಸಿಕೊಂಡದ್ದು ಹುಲಿಯೇ. ಇದನ್ನೇ ಇವರು ಭಾನುವಾರ ಮೈಕಿನಲ್ಲಿ ಹೇಳಲಿ ಮಾವ್ಶಿ, ಮಾಲೀಕನನ್ನು ಒಪ್ಪಿಸುವುದು ನನ್ನ ಕೆಲಸ, ಅವನು ಒಪ್ಪದಿದ್ದರೆ ನಾನು ಗೆಲ್ಲುವುದೇ ಇಲ್ಲ ಎಂದಿತು. ಇವರು ಬಾಗಿಲ ಹತ್ತಿರವೇ ನಿಂತು, ಹಾಗೆ ಹೇಳಿದರೂ ಪಂದ್ಯ ಸೋಲುವುದಂತೂ ಸೋಲಬೇಕಲ್ಲ ಅವ್ವಾ ಎಂದು ಮೆಲ್ಲಗೆ ನೆನಪು ಮಾಡಿಕೊಟ್ಟರು.

"ಸೋಲೂದಿದ್ರ ಸೋಲು," ಎಂದರು ಅತ್ತೆ. "ಸೋತು ಮನಿಗಿ ಬಾ."

ನಾನು ಸೊಸೆಯಾಗಿ ಬಂದಂದಿನಿಂದ ಅತ್ತೆಯ ಬಾಯಲ್ಲಿ ಮನಿ ಎಂದರೆ ಧಾರವಾಡ. ಯುಗಾದಿಗೆ ಮನಿಗಿ ಹೋಗೂಣು ಎಂದರೆ ಧಾರವಾಡದ ಬಸ್ಸು ಹತ್ತುವುದು. ನಾವಿರುವ ಈ ಜಾಗ ಅವರಿಗೆ ರೂಮು. ಫ್ಲ್ಯಾಟ್ ಕೊಂಡು, ಪೂಜೆ ಮಾಡಿಸಿ, ಹಾಲು ಉಕ್ಕಿಸಿದ ಮೇಲೂ ರೂಮಿನ ಕೀಲಿ, ರೂಮಿನ ಬಾಡಿಗೆ ಉಳೀತು ಎಂದೇ ಮಾತು. ಇವರಿಗೂ ಅದು ಗೊತ್ತು. ಅವ್ವ ಹೇಳಿದ್ದು ಯಾವ ಮನೆ ಎಂದು ಕೇಳಲು ಬಾಯಿ ತೆರೆದರು, ಕೇಳಲಾರದೆ ನಿಂತರು.

"ಇಲ್ಲಿಗೇ ಬಾ," ಎಂದರು ಅತ್ತೆ. "ರೊಟ್ಟಿ ಬಡದು ಇಟ್ಟಿರ್ತೀನಿ."