ಮಲಗಿಕೊಂಡೇ ಆಡುವ ಆಟ

ಮೊದಲು ಬಂದದ್ದು ಬೆನ್ನುನೋವು.

ಬಸ್ ಡ್ರೈವರನಿಗೆ ಬೆನ್ನು ನೋಯುವುದು ಒಂದು ಸುದ್ದಿಯೇ ಅಲ್ಲ. ನಮ್ಮ ಮನೆಯವರು, ಅಣ್ಣಾರಾವ, ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ ಬಸ್ಸು ಓಡಿಸುತ್ತಿದ್ದರು. ರಸ್ತೆಗಿಂತ ತಗ್ಗುಗಳೇ ಹೆಚ್ಚು. ಸಂಜೆ ಮನೆಗೆ ಬಂದವರೇ ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದರು. ನಾನು ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೆ. ಅತ್ತೆ ಉಪ್ಪಿನ ಗಂಟು ಕಟ್ಟಿ ಕಾವು ಕೊಡುತ್ತಿದ್ದರು. ಮನೆಯಲ್ಲಿ ನಾವು ಮೂವರೇ. ಮೂವರೂ ಅದನ್ನು ರಸ್ತೆಯ ನೋವೆಂದೇ ತಿಳಿದೆವು.

ಆಮೇಲೆ ಸಂಜೆಯ ಹೊತ್ತಿಗೆ ಸಣ್ಣ ಜ್ವರ. ಪ್ಯಾಂಟು ಸಡಿಲಾಗತೊಡಗಿತು. ನಾನು ಮನೆಯಲ್ಲೇ ಬ್ಲೌಸು, ಫ್ರಾಕು ಹೊಲಿಯುವವಳು. ಅವರ ಸೊಂಟ ಹಿಡಿಸಿ ಹೊಲಿದೆ, ಮತ್ತೆ ಹಿಡಿಸಿ ಹೊಲಿದೆ. ಒಂದು ದಿನ ಡ್ಯೂಟಿ ಮುಗಿಸಿ ಬಂದವರು ಕಟ್ಟೆಯ ಮೇಲೆ ಕೂತು ಎಡಗಾಲನ್ನೇ ನೋಡುತ್ತಿದ್ದರು.

"ಯಾಕ್ರಿ, ಏನಾತು?"

"ಕ್ಲಚ್ ಮ್ಯಾಲಿನ ಕಾಲು ನಂದಲ್ಲ ಅನಸ್ತದ, ಮಾದೇವಿ."

ಮರುದಿನವೇ ಗುಲಬರ್ಗಾಕ್ಕೆ ಕರೆದುಕೊಂಡು ಹೋದೆ. ಮೂಳೆ ಡಾಕ್ಟರು ಎಕ್ಸ್-ರೇ ತೆಗೆಸಿದರು. ಸಾಲದೆಂದು ಸೊಲ್ಲಾಪುರಕ್ಕೆ ಕಳಿಸಿ ಸ್ಕ್ಯಾನ್ ಮಾಡಿಸಿದರು. ಫಿಲ್ಮನ್ನು ಬೆಳಕಿಗೆ ಹಿಡಿದು, ಬೆನ್ನುಮೂಳೆಯಲ್ಲಿ ಗೆದ್ದಲು ತಿಂದ ಹಾಗಿದ್ದ ಒಂದು ಜಾಗವನ್ನು ಪೆನ್ನಿನಿಂದ ತೋರಿಸಿದರು.

ಸ್ಪೈನ್ ಟಿಬಿ.

ಟಿಬಿ ಎಂದರೆ ಕೆಮ್ಮು ಎಂದಷ್ಟೇ ನನಗೆ ಗೊತ್ತಿತ್ತು. ಇವರು ಒಂದು ದಿನವೂ ನೆಟ್ಟಗೆ ಕೆಮ್ಮಿದವರಲ್ಲ. ಗುಳಿಗೆಯಿಂದ ವಾಸಿಯಾಗುತ್ತದೆ ಎಂದರು ಡಾಕ್ಟರು. ಆದರೆ ಮೂಳೆ ಗಟ್ಟಿಯಾಗುವ ತನಕ ಹಲಗೆ ಹಾಕಿದ ಮಂಚದ ಮೇಲೆ ಅಂಗಾತ ಮಲಗಬೇಕು. ಕೂರುವಂತಿಲ್ಲ. ತಲೆ ಎತ್ತಿ ನೋಡುವಂತಿಲ್ಲ. ಊಟ, ನೀರು, ಬೆಡ್‌ಪ್ಯಾನ್, ಎಲ್ಲ ಅಲ್ಲೇ. ಕೆಲವು ತಿಂಗಳು.

ಕೆಲವು ತಿಂಗಳು ಎಂಬ ಮಾತನ್ನು ಡಾಕ್ಟರು ಬಹಳ ಸಮಾಧಾನದಿಂದ ಹೇಳಿದರು. ಪಕ್ಕದಲ್ಲಿ ಮಲಗಿದ್ದ ಇವರ ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದದ್ದನ್ನು ನಾನು ಮಾತ್ರ ಕಂಡೆ.

ಇವರು ಹುಟ್ಟಿದಾಗಿನಿಂದ ಒಂದೆಡೆ ಕೂಡುವ ಮನುಷ್ಯರಲ್ಲ. ರಜೆ ಇದ್ದ ದಿನವೂ ಬಸ್‌ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದರು. ಊಟ ಮಾಡುವಾಗಲೂ ಒಂದು ಕಾಲು ಅಲುಗುತ್ತಲೇ ಇರಬೇಕು. ಅಂಥವರನ್ನು ಪಡಸಾಲೆಯ ನಡುವೆ ಹಲಗೆಯ ಮೇಲೆ ಮಲಗಿಸಿದೆವು. ಮೊದಲ ವಾರ ಜಂತಿ ಎಣಿಸಿದರು. ಆಮೇಲೆ ನನ್ನನ್ನು ಕರೆಯತೊಡಗಿದರು. ನೀರು ಬೇಕು. ಬೇಡ. ಕಿಟಕಿ ತೆಗೆ. ಮುಚ್ಚು. ಹೊಲಿಗೆ ಮಿಷನ್ ನಿಲ್ಲಿಸು. ಯಾಕ ನಿಲ್ಲಿಸಿದಿ, ಸುಮ್ನ ಹೊಲಿ. ಗುಳಿಗೆಯಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ಅತ್ತೆ ಹೆದರಿ ಅಳುತ್ತಿದ್ದರು. ನಾನು ಅತ್ತೆಗೆ ಸಮಾಧಾನ ಹೇಳಬೇಕು, ಇವರನ್ನು ಹೊರಳಿಸಬೇಕು, ಬೆನ್ನಿಗೆ ಪೌಡರ್ ಹಚ್ಚಬೇಕು, ಬೆಡ್‌ಸೋರ್ ಹುಣ್ಣು ಆಗದ ಹಾಗೆ ನೋಡಬೇಕು. ಒಲೆಯ ಮೇಲಿಟ್ಟ ಅನ್ನ ಮರೆತು ಬಾವಿಗೆ ಹೋಗುತ್ತಿದ್ದೆ. ಬಾವಿಗೆ ಹೋಗಿ ಕೊಡ ಮರೆತು ಬರುತ್ತಿದ್ದೆ.

ಒಂದು ಮಧ್ಯಾಹ್ನ ದೊಡ್ಡ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಅವರ ಬಸ್ಸಿನದೇ. ಬೇರೆ ಯಾರೋ ಓಡಿಸುತ್ತಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಒಳಗೆ ಏನೋ ಬಿದ್ದ ಸಪ್ಪಳವಾಯಿತು.

ಕಿಟಕಿಯ ತನಕ ಹೋಗಬೇಕೆಂದು ಎದ್ದಿದ್ದರು. ಮಂಚದ ಕೆಳಗೆ ಬಿದ್ದಿದ್ದರು. ಎರಡೂ ಕಾಲು ಅಲುಗುತ್ತಿರಲಿಲ್ಲ.

ಜೀಪಿನ ಹಿಂದೆ ಹಲಗೆ ಹಾಕಿ ಮತ್ತೆ ಗುಲಬರ್ಗಾಕ್ಕೆ ಒಯ್ದೆವು. ಅವರ ಜೊತೆ ವರ್ಷಾನುಗಟ್ಟಲೆ ಕಂಡಕ್ಟರಾಗಿದ್ದ ಮೆಹಬೂಬಣ್ಣ ದಾರಿಯುದ್ದಕ್ಕೂ ಇವರ ಎದೆಯ ಮೇಲೆ ಕೈ ಒತ್ತಿ ಹಿಡಿದು ಕೂತಿದ್ದ. ಡಾಕ್ಟರು ಪಾದಕ್ಕೆ ಸೂಜಿ ಚುಚ್ಚಿ, "ಗೊತ್ತಾಗ್ತದೇನು?" ಎಂದು ಕೇಳಿದರು. ಇವರು ಇನ್ನೂ ಸೂಜಿ ಚುಚ್ಚುವುದನ್ನೇ ಕಾಯುತ್ತಿದ್ದರು. ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು ಹೇಳಿದರು:

"ಔಷಧ ತನ್ನ ಕೆಲಸ ಮಾಡ್ತದಮ್ಮ. ಆದ್ರ ಇವ್ರು ಇನ್ನೊಮ್ಮೆ ಎದ್ರ ನನ್ನ ಕೈಯಾಗೂ ಏನೂ ಉಳಿಯಂಗಿಲ್ಲ. ಸ್ವಲ್ಪ ದಿನ ನೋಡೋಣ. ಇಲ್ಲಂದ್ರ ಆಪರೇಷನ್."

"ಹೇಳಿದ್ರ ಕೇಳಂಗಿಲ್ರಿ ಸಾಹೇಬ್ರ."

"ಬರೇ ಹೇಳಿದ್ರ ಯಾರೂ ಕೇಳಂಗಿಲ್ಲ. ಮಲಕ್ಕೊಂಡೇ ಮಾಡೂವಂಥಾದ್ದು ಏನರ ಹುಡುಕ್ರಿ. ಕೈಗೂ ಕೆಲಸ ಬೇಕು, ತಲಿಗೂ ಬೇಕು."

ಆ ಮಾತನ್ನು ನಾನು ಗುಳಿಗೆಯ ಚೀಟಿಗಿಂತ ಜೋಪಾನವಾಗಿ ಊರಿಗೆ ತಂದೆ.

ಹುಡುಕಾಟ ಶುರುವಾಯಿತು. ಮೊದಲು ಇಸ್ಪೀಟು. ಮೆಹಬೂಬಣ್ಣ ಡ್ಯೂಟಿ ಮುಗಿಸಿ ಬಂದು ಮಂಚದ ಪಕ್ಕ ಕೂರುತ್ತಿದ್ದ. ಅಂಗಾತ ಮಲಗಿದವರ ಕೈಯಲ್ಲಿ ಎಲೆಗಳು ನಿಲ್ಲಲಿಲ್ಲ, ಮುಖದ ಮೇಲೆ ಸುರಿದವು. ಅವರಿಗೆ ಸಿಟ್ಟು ಬಂತು. ಎಲ್ಲವನ್ನೂ ಕೋಣೆಯ ತುಂಬ ತೂರಿದರು. ಆಮೇಲೆ ಚೌಕಾಬಾರ. ಕವಡೆ ಹಾಕುವುದೇನೋ ಆಯಿತು, ಮನೆ ನೋಡಲು ಕುತ್ತಿಗೆ ಎತ್ತಬೇಕು. ಆಟ ಮಡಚಿ ಇಟ್ಟೆ. ರೇಡಿಯೋ ಹಚ್ಚಿದೆ. ಕಿವಿಗೆ ಕೆಲಸ ಸಿಕ್ಕಿತು, ಕೈ ಹಾಸಿಗೆಯ ದಾರ ಕೀಳುತ್ತಲೇ ಇತ್ತು.

ಒಂದು ದಿನ ಮೆಹಬೂಬಣ್ಣ ಸೊಲ್ಲಾಪುರದಿಂದ ಒಂದು ಡಬ್ಬಿ ತಂದ. ಅಂಗೈಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣದ ಪ್ಲಾಸ್ಟಿಕ್ಕು, ಮೇಲೆ ಸಣ್ಣ ಗಾಜು, ಕೆಳಗೆ ಗುಂಡಿಗಳು. ಒಳಗೆ ಪೆನ್ಸಿಲ್ ಸೆಲ್ಲು.

"ವಿಡಿಯೋ ಗೇಮ್, ಭಾಭಿ. ಇದರಾಗ ಸಾವಿರಾರು ಆಟ ಆವ ಅಂದ ದುಕಾನದಂವ."

ಸಾವಿರಾರು ಇರಲಿಲ್ಲ. ಇದ್ದ ನಾಲ್ಕಾರು ಆಟಗಳೇ ಬೇರೆ ಬೇರೆ ವೇಗದಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆದರೆ ಅದನ್ನು ಮುಖದ ಮೇಲೆ ಎತ್ತಿ ಹಿಡಿದು, ಮಲಗಿದಲ್ಲೇ ಆಡಬಹುದಿತ್ತು. ಕುತ್ತಿಗೆ ಅಲುಗುವ ಹಾಗಿಲ್ಲ, ಹೆಬ್ಬೆರಳು ಅಲುಗಿದರೆ ಸಾಕು. ಮೊದಲ ದಿನ ಅವರು ಒಂದು ತಾಸು ನನ್ನನ್ನು ಕರೆಯಲಿಲ್ಲ. ಆ ಒಂದು ತಾಸಿನಲ್ಲಿ ನಾನು ಸ್ನಾನ ಮಾಡಿದೆ, ತಲೆ ಬಾಚಿದೆ, ಸುಮ್ಮನೆ ಹಿತ್ತಲ ಕಲ್ಲಿನ ಮೇಲೆ ಕೂತೆ. ಕೂತಿದ್ದೇನೆ ಎಂದು ಗೊತ್ತಾಗಿ ಗಾಬರಿಯಾಗಿ ಒಳಗೆ ಓಡಿದೆ. ಅವರು ಆಡುತ್ತಲೇ ಇದ್ದರು.

ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಅದರಲ್ಲಿ ಕಾರಿನ ಆಟವೊಂದಿತ್ತು. ಸಣ್ಣ ಕಪ್ಪು ಚುಕ್ಕೆಗಳ ಕಾರು, ಎದುರಿಗೆ ಬರುವ ಕಾರುಗಳು, ತಪ್ಪಿಸಿಕೊಂಡು ಹೋಗಬೇಕು. ಹೋದಷ್ಟೂ ವೇಗ ಹೆಚ್ಚುತ್ತದೆ. ಇವರು ಬೇರೆ ಯಾವುದನ್ನೂ ಮುಟ್ಟದೆ ಅದನ್ನೇ ಹಿಡಿದರು. ಡಿಕ್ಕಿ ಹೊಡೆದಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. ಊಟಕ್ಕೆ ಕರೆದರೆ "ತಡಿ ಬೇ" ಎನ್ನುತ್ತಿದ್ದರು. ಅನ್ನ ಆರುತ್ತಿತ್ತು. ಗುಳಿಗೆ ಹೊತ್ತು ಮೀರುತ್ತಿತ್ತು. ಬೆವರಿ ಅಂಗಿ ಒದ್ದೆಯಾಗುತ್ತಿತ್ತು. ಒಂದು ದಿನ ಆಟದ ಭರದಲ್ಲಿ ಇಡೀ ಮೈ ಬಲಕ್ಕೆ ವಾಲಿತು. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸುವ ಹಾಗೆ. ಬೆನ್ನು ಹಿಡಿದು ಚೀರಿದರು.

ಡಬ್ಬಿ ಕಸಿದುಕೊಂಡೆ.

"ಕೊಡು ಇಲ್ಲಿ."

"ಕೊಡಂಗಿಲ್ಲ. ಸುಮ್ನ ಮಲಗ್ರಿ ಅಂತ ತಂದಿದ್ದು. ಇದರಾಗೂ ರೋಡೇ ಬೇಕೇನು ನಿಮಗ?"

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅಲ್ಲಿಂದಲೇ ಮೆಲ್ಲಗೆ ಹೇಳಿದರು: "ರೋಡ್ ಬಿಟ್ರ ನನಗ ಮತ್ತೇನ್ ಬರ್ತದ, ಮಾದೇವಿ?"

ಡಬ್ಬಿ ಹಿಡಿದುಕೊಂಡು ಹೊಲಿಗೆ ಮಿಷನ್ ಮುಂದೆ ಕೂತೆ. ಯಾವ ಆಟ ಏನು ಮಾಡುತ್ತದೆಂದು ತಿಳಿಯದೆ ಅದನ್ನು ವಾಪಸ್ ಕೊಡುವುದು ಹೇಗೆ? ಹೆಸರೇ ಕೇಳದ ಗುಳಿಗೆ ನುಂಗಿಸಿದ ಹಾಗಾಗುತ್ತದೆ. ಅದಕ್ಕೇ ನಾನೇ ಆಡಿ ನೋಡಿದೆ.

ಹಾವಿನ ಆಟ ಮೊದಮೊದಲು ತಣ್ಣಗಿರುತ್ತದೆ. ಹಾವು ಉದ್ದವಾದಂತೆ ಉಸಿರು ಬಿಗಿಯುತ್ತದೆ, ತನ್ನ ಬಾಲವನ್ನೇ ತಾನು ಕಚ್ಚಿಕೊಂಡಾಗ ವಿನಾಕಾರಣ ದುಃಖವಾಗುತ್ತದೆ. ಟ್ಯಾಂಕಿನದು ಗುಂಡು ಹಾರಿಸುವ ಆಟ. ನನಗೆ ತಲೆನೋವು ಬಂತು, ಅದನ್ನು ಅಲ್ಲಿಗೇ ಬಿಟ್ಟೆ. ಇಟ್ಟಿಗೆಯ ಆಟ ಬೇರೆ ತರಹ. ಮೇಲಿನಿಂದ ಒಂದೊಂದು ಆಕಾರದ ಇಟ್ಟಿಗೆ ಇಳಿಯುತ್ತದೆ, ತಿರುಗಿಸಿ ಖಾಲಿ ಜಾಗಕ್ಕೆ ಕೂರಿಸಬೇಕು. ಸಾಲು ತುಂಬಿದರೆ ಅದು ಮಾಯ. ಬಟ್ಟೆ ಕತ್ತರಿಸುವಾಗ ತುಂಡಿಗೆ ತುಂಡು ಹೊಂದಿಸುವ ಕೆಲಸ ನನ್ನ ಕೈಗೆ ರೂಢಿ. ಎಷ್ಟೋ ವಾರಗಳಿಂದ ನನ್ನ ಎದೆಯಲ್ಲಿ ಓಡುತ್ತಿದ್ದದ್ದು ಆ ಆಟದ ಮುಂದೆ ಕೊಂಚ ನಿಧಾನವಾಯಿತು. ಅತ್ತೆ ಅಡುಗೆಮನೆಯಿಂದ ಇಣುಕಿ ನೋಡಿ, "ಗಂಡಗ ಹತ್ತಿದ್ದು ಹೆಂಡ್ತಿಗೂ ಹತ್ತೇತಿ" ಎಂದು ಗೊಣಗಿದರು.

ಡಬ್ಬಿ ವಾಪಸ್ ಕೊಟ್ಟೆ. ಇಟ್ಟಿಗೆಯ ಆಟ, ಅದೂ ಕಡಿಮೆ ವೇಗದಲ್ಲಿ. ಗುಳಿಗೆ ನುಂಗಿದ ಮೇಲೆ, ಊಟಕ್ಕೆ ಮೊದಲು. ಕಾರು ಬೇಡ. ಅವರು ಒಪ್ಪಿದರು. ನಡುನಡುವೆ ಕಾರಿನ ಸದ್ದು ಕೇಳಿಸುತ್ತಿತ್ತು, ನಾನು ಬಾಗಿಲಲ್ಲಿ ನಿಂತರೆ ನಿಲ್ಲುತ್ತಿತ್ತು. ಜಗಳ ಪೂರ್ತಿ ಮುಗಿಯಲಿಲ್ಲ. ಆದರೆ ಮೈ ಅಲುಗುವುದು ನಿಂತಿತು.

ಒಂದು ಮುಂಜಾನೆ ಹೊರಳಿಸುವಾಗ ಅವರು ಡಬ್ಬಿ ಬದಿಗಿಟ್ಟು ಅಂದರು: "ಇದು ನನ್ನ ಮಾತು ಕೇಳಂಗಿಲ್ಲ. ನಾ ಸೋತ್ರ ನಗಂಗೂ ಇಲ್ಲ. ಎದುರಿಗೆ ಯಾರರ ಇರಬೇಕು."

ಅವತ್ತು ನನ್ನ ಕೈಗೆ ದಪ್ಪ ಖಾದಿಯ ತುಂಡು ಸಿಕ್ಕಿತು. ಅದರ ಮೇಲೆ ಕರಿ ದಾರದಿಂದ ಹುಲಿ-ಕುರಿ ಆಟದ ಗೆರೆಗಳನ್ನು ಹೊಲಿದೆ. ಗೆರೆ ಗೆರೆ ಕೂಡುವ ಜಾಗದಲ್ಲೆಲ್ಲ ಬ್ಲೌಸಿನ ಟಿಚ್ ಬಟನ್ನಿನ ಅರ್ಧ ಹೊಲಿದೆ. ಉಳಿದ ಅರ್ಧಗಳನ್ನು ಬಟ್ಟೆಯ ಸಣ್ಣ ಬಿಲ್ಲೆಗಳಿಗೆ. ಕೆಂಪು ಬಿಲ್ಲೆ ಹುಲಿ, ಬಿಳಿ ಬಿಲ್ಲೆ ಕುರಿ. ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಸೊಳ್ಳೆಪರದೆಯ ಕೋಲುಗಳಿಗೆ ಅಡ್ಡ ಕಟ್ಟಿ, ಅವರ ಮುಖದ ಮೇಲೆ ಇಳಿಬಿಟ್ಟೆ. ಬಿಲ್ಲೆ ಒತ್ತಿದರೆ ಟಿಕ್ ಎಂದು ಕೂರುತ್ತದೆ. ಬೀಳುವುದಿಲ್ಲ.

ನಾನೂ ಅವರ ಪಕ್ಕದಲ್ಲೇ ನೆಲದ ಮೇಲೆ ಚಾಪೆ ಹಾಸಿ ಮಲಗಿ ಆಡಲು ನೋಡಿದೆ. ಕೈ ಸಾಲಲಿಲ್ಲ, ಎದ್ದು ಕೂತೆ. ಅವರು ಕುರಿಗಳನ್ನು ತೆಗೆದುಕೊಂಡರು. ನಾನು ಹುಲಿ. ಒಂದು ಹುಲಿಯನ್ನು ಮೂಲೆಗೆ ಒತ್ತಿ ಕಟ್ಟಿ ಹಾಕಿದಾಗ ಅವರು ನಕ್ಕರು. ಕಾಯಿಲೆ ಬಂದ ಮೇಲೆ ಆ ನಗು ನಾನು ಕೇಳಿರಲಿಲ್ಲ. ಮೆಹಬೂಬಣ್ಣ ಬಂದಾಗ ಆಟ ಜೋರಾಗುತ್ತಿತ್ತು. ಕೊನೆಗೆ ಅತ್ತೆಯೂ ಸ್ಟೂಲು ಎಳೆದುಕೊಂಡು ಕೂತರು. ಅವರು ಎಲ್ಲರನ್ನೂ ಸೋಲಿಸುತ್ತಿದ್ದರು, ಮಗನನ್ನೂ ಬಿಡುತ್ತಿರಲಿಲ್ಲ.

ಹಾಗೆ ಆಡುತ್ತಿದ್ದ ಒಂದು ಬೆಳಿಗ್ಗೆ ಅತ್ತೆ, "ಅಣ್ಣ್ಯಾ, ಕಾಲು ಯಾಕ ಅಲುಗಸ್ತಿ, ಸುಮ್ನಿರು" ಎಂದು ಗದರಿದರು. ಮಗನಿಗೆ ಚಿಕ್ಕಂದಿನಿಂದ ಗದರಿದ ಮಾತದು. ರೂಢಿಯಂತೆ ಅಂದುಬಿಟ್ಟಿದ್ದರು.

ಅತ್ತೆ, ನಾನು ಇಬ್ಬರೂ ಕಾಲಿನ ಕಡೆ ನೋಡಿದೆವು.

ಎಡಗಾಲಿನ ಹೆಬ್ಬೆರಳು ಅಲುಗುತ್ತಿತ್ತು.

ಆಪರೇಷನ್ ಬೇಡವೆಂದರು ಡಾಕ್ಟರು. ಔಷಧವೇ ಗೆದ್ದಿದೆ, ಸುಮ್ಮನೆ ಮಲಗಿದ್ದರಿಂದ ಗೆಲ್ಲಲು ಅದಕ್ಕೆ ಸಮಯ ಸಿಕ್ಕಿದೆ ಎಂದರು. ಆಟದಿಂದ ಕಾಲು ಬಂತೆಂದು ನಾನು ಹೇಳುವುದಿಲ್ಲ. ಯಾರಿಗೂ ಹಾಗೆ ಹೇಳಬಾರದು. ನಿಧಾನವಾಗಿ ಕೂರಿಸಿದರು, ಬೆನ್ನಿಗೆ ಬ್ರೇಸ್ ಕಟ್ಟಿದರು, ವಾಕರ್ ಹಿಡಿಸಿ ನಿಲ್ಲಿಸಿದರು. ನಿಂತ ದಿನ ಅವರು ನನ್ನ ಭುಜವನ್ನು ಎಷ್ಟು ಗಟ್ಟಿ ಹಿಡಿದಿದ್ದರೆಂದರೆ ಬೆರಳಿನ ಗುರುತು ವಾರದ ತನಕ ಉಳಿಯಿತು.

ಚೆಕಪ್ಪಿಗೆ ಹೋದಾಗ ವಾರ್ಡಿನಲ್ಲಿ ಜೇವರ್ಗಿ ಕಡೆಯ ಹೆಂಗಸೊಬ್ಬಳು ನನ್ನ ಪಕ್ಕ ಬಂದು ಕೂತಳು. ಅವಳ ತಮ್ಮ ಟ್ರ್ಯಾಕ್ಷನ್‌ನಲ್ಲಿದ್ದ, ತೊಡೆ ಮುರಿದು ಕಾಲಿಗೆ ತೂಕ ಕಟ್ಟಿ ಎಳೆದಿದ್ದರು. ಕಟ್ಟಿದ ತೂಕ ತಾನೇ ಬಿಚ್ಚುತ್ತಾನೆ, ನರ್ಸಿಗೆ ಬೈಯುತ್ತಾನೆ ಎಂದಳು. ನಮ್ಮ ಆಟದ ಸುದ್ದಿ ಕೇಳಿದ್ದ ಡಾಕ್ಟರೇ ನನ್ನ ಕಡೆ ಕಳಿಸಿದ್ದರಂತೆ.

"ಯಾವ ಆಟ ಚಲೋರಿ, ಅಕ್ಕಾ?"

"ಏನ್ ಕೆಲಸ ಮಾಡ್ತಾನವ್ವ?"

"ಗಿರಣ್ಯಾಗ ಹಮಾಲಿ. ಅಕ್ಷರ ಬರಂಗಿಲ್ಲ."

"ಯಾವಾಗ ಸಿಟ್ಟು ಬರ್ತದ?"

"ಒಬ್ಬನ ಇದ್ದಾಗ."

"ಹಂಗಾರ ಡಬ್ಬಿ ಆಟ ಬ್ಯಾಡ. ಅದು ಮತ್ತೂ ಒಬ್ಬನ್ನ ಮಾಡ್ತದ. ಪಕ್ಕದ ಮಂಚದವರ ಕೂಡ ಆಡೂವಂಥಾದ್ದು ಕೊಡು. ಸೋಲಲಿ, ಗೆಲ್ಲಲಿ. ಭಾಳ ಜೋರಿಂದು ಮೊದಲ ಕೊಡಬ್ಯಾಡ. ಮತ್ತ ನೀನೂ ಒಮ್ಮೆ ಆಡಿ ನೋಡು. ನಿನ್ನ ಎದಿ ಹ್ಯಾಂಗ ಹೊಡಕೋತದ ನೋಡು, ಆಮ್ಯಾಲೆ ಅವಗ ಕೊಡು."

ಟಿಚ್ ಬಟನ್ ಹೊಲಿಯುವುದು ಹೇಗೆಂದು ಅವಳ ಸೆರಗಿನ ತುದಿಯಲ್ಲೇ ತೋರಿಸಿದೆ.

ಇವರು ಇನ್ನು ಬಸ್ಸು ಓಡಿಸುವಂತಿಲ್ಲ. ಅದನ್ನು ಡಾಕ್ಟರು ಆ ದಿನವೇ ಹೇಳಿದರು. ಸ್ಟ್ಯಾಂಡಿನಲ್ಲಿ ಕೂತು ಮಾಡುವ ಕೆಲಸ ಕೊಡಿಸಲು ಮೆಹಬೂಬಣ್ಣ ಓಡಾಡುತ್ತಿದ್ದಾನೆ. ಆಗಬಹುದು, ಆಗದಿರಬಹುದು. ಗುಳಿಗೆ ಇನ್ನೂ ನಡೆದಿದೆ. ಈಗಲೂ ಒಳಗೆ ಏನಾದರೂ ಬಿದ್ದ ಸಪ್ಪಳವಾದರೆ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇನೆ. ನಿದ್ದೆ ನನಗೆ ಪೂರ್ತಿ ಮರಳಿಲ್ಲ.

ಆ ಚೆಕಪ್ಪಿನ ದಿನ ಬಸ್ಸಿನಲ್ಲೇ ಊರಿಗೆ ಹೊರಟೆವು. ಮೊದಲ ಸಲ ಅವರು ಪ್ರಯಾಣಿಕರ ಸೀಟಿನಲ್ಲಿ ಕೂತರು. ಡ್ರೈವರ್ ಹೊಸ ಹುಡುಗ, ಗಾಡಿ ಜೋರಾಗಿ ಬಿಟ್ಟಿದ್ದ. ಇವರ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ. ಆಗ ಕಂಡಿತು. ತಿರುವು ಬಂದಾಗಲೆಲ್ಲ ಅವರ ಬಲಗಾಲು ಬಸ್ಸಿನ ತಗಡನ್ನು ಒತ್ತುತ್ತಿತ್ತು. ಇಲ್ಲದ ಬ್ರೇಕನ್ನು ಹುಡುಕಿ, ಬೆರಳೂರಿ, ಗಟ್ಟಿಯಾಗಿ ಒತ್ತುತ್ತಿತ್ತು.

ಸುಮ್ಮನಿರಿ ಎನ್ನಲು ಬಾಯಿ ತೆರೆದವಳು ಊರು ಬರುವ ತನಕ ಆ ಕಾಲನ್ನೇ ನೋಡುತ್ತ ಕೂತೆ.