ಫೌಜದಾರರು ಬೇಡವೆಂದ ಸಗಣಿ ಉಂಡೆ

ಒಬ್ಬರ ಒಲೆಯ ಕೆಂಡ ಇನ್ನೊಬ್ಬರ ಮನೆಗೆ ಹೋಗುತ್ತಿದ್ದ ಕಾಲವದು. ನಮ್ಮ ಯಂಕಂಚಿಯಲ್ಲಿ ಆಗ ಬಾಗಿಲಿಗೆ ಬೀಗ ಹಾಕುವವರೇ ಕಡಿಮೆ. ಅಂಥ ಊರೂ ಒಂದು ಬೋರಮಾಳ ಸರಕ್ಕೆ ಹೇಗೆ ಕೆಟ್ಟಿತೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಗೌಡರ ಸೊಸೆಯ ಸೀಮಂತದ ಕುಬಸ. ಬಸುರಿಗೆ ಹಸಿರು ಬಳೆ ಇಡಿಸಲು ಬಳೆಗಾರ್ತಿ ಹುಸೇನಬಿ ಬಂದಿದ್ದಳು. ನಾವು ಹುಡುಗಿಯರು ಹೋಳಿಗೆ ತುಪ್ಪದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಆಕೆಯ ಬಳೆಯ ಬುಟ್ಟಿಯ ಸುತ್ತ ಕೂತಿದ್ದೆವು. ಸಂಜೆ ನೋಡಿದರೆ ಸೊಸೆ ಬಿಚ್ಚಿಟ್ಟಿದ್ದ ಬಂಗಾರದ ಸರ ಇಲ್ಲ. ಎಲ್ಲರ ಕಣ್ಣು ಮೊದಲು ಹೋದದ್ದು ಹುಸೇನಬಿಯ ಬುಟ್ಟಿಗೆ. ಅದರಲ್ಲೇನೂ ಸಿಗಲಿಲ್ಲ.

ಆದರೂ ಮರುದಿನದಿಂದ ಬಳೆ ಇಡಿಸಿಕೊಳ್ಳಲು ಆಕೆಗೆ ಯಾರೂ ಕೈ ಕೊಡಲಿಲ್ಲ. "ಮತ್ತ ಬರ್ರಿ" ಎಂದು ಹೊಸ್ತಿಲಿನಿಂದಲೇ ಕಳಿಸುವರು. ಗಂಡನಿಲ್ಲದ ಹೆಂಗಸು, ಮನೆಯೊಳಗೆ ಕರೆಯದಿದ್ದರೆ ಬಳೆಗಾರ್ತಿಯ ಹೊಟ್ಟೆ ನಡೆಯುವುದು ಹೇಗೆ?

ಗೌಡರ ದೂರಿನ ಮೇಲೆ ಸಿಂದಗಿಯಿಂದ ಪೊಲೀಸ್ ಫೌಜದಾರರು ಸೈಕಲ್ ಮೇಲೆ ಬಂದರು. ಇಂಡಿ, ಮುದ್ದೇಬಿಹಾಳದ ಠಾಣೆಗಳಲ್ಲಿ ಹೆಸರು ಮಾಡಿದವರು. ಯಾರ ಮನೆಯಲ್ಲೂ ಚಹಾ ಮುಟ್ಟರು. ಚೀಲದಲ್ಲಿ ತಮ್ಮದೇ ರೊಟ್ಟಿ, ಶೇಂಗಾ ಚಟ್ನಿ. ಅದಕ್ಕೂ ಊರಿಗೆ ಅನುಮಾನ.

"ಚಹಾ ಒಲ್ಲೆ ಅಂತಾನಂದ್ರ ಏನೋ ಐತಿ," ಅಂದಳು ನಮ್ಮಜ್ಜಿ.

ಅವರು ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ಚಾವಡಿಯ ಒಳಕೋಣೆಯಲ್ಲಿ ಒಂದು ಬುಟ್ಟಿ ಇಡಿಸಿದರು. ಕುಬಸಕ್ಕೆ ಹೋಗಿದ್ದ ಹೆಂಗಸರೆಲ್ಲ ಒಂದೊಂದು ಸಗಣಿ ಉಂಡೆ ಕಟ್ಟಿ, ಸೆರಗಿನಲ್ಲಿ ಮುಚ್ಚಿ ತಂದು, ಒಬ್ಬೊಬ್ಬರೇ ಒಳಹೋಗಿ ಹಾಕಿ ಬರಬೇಕು. ಕದ್ದವಳು ಸರವನ್ನು ಉಂಡೆಯೊಳಗಿಟ್ಟು ಹಾಕಿದರೆ ಹೆಸರೂ ಇಲ್ಲ, ಕೇಸೂ ಇಲ್ಲ. ಹಿರಿಯರ ಕಾಲದ ಪದ್ಧತಿ ಅದು.

ಅವ್ವ ಹಿತ್ತಲಲ್ಲಿ ಉಂಡೆ ಕಟ್ಟುವಾಗ ನಾನು ಅವಳ ಕೈಯನ್ನೇ ನೋಡುತ್ತ ನಿಂತೆ.

"ಯಾಕ ಹಂಗ ನೋಡಾಕತ್ತಿ? ನಾ ಕದ್ದೇನೇನ?" ಅಂದಳು. ನಗಲಿಲ್ಲ.

ಚಾವಡಿಯ ಮುಂದೆ ಹುಸೇನಬಿಯೂ ಸೆರಗು ಮುಚ್ಚಿಕೊಂಡು ಬಂದಳು. ಫೌಜದಾರರು ಕೈ ಅಡ್ಡ ಹಿಡಿದರು.

"ನಿಂದು ಬ್ಯಾಡ. ಎಲ್ಲಾರಿಗೂ ಕಾಣೂಹಂಗ ಕಟ್ಟಿ ಮ್ಯಾಲ ಕೂಡು."

"ಯಾಕ್ರಿ ಸಾಹೇಬ್ರ? ನಾ ಅಷ್ಟ ಕಳ್ಳಿ ಏನ್ರಿ?" ಅಳುತ್ತ ಆಕೆ ಉಂಡೆಯನ್ನು ಅವರ ಬೂಟಿನ ಹತ್ತಿರವೇ ಒಗೆದಳು. ಅದು ಒಡೆದು ಬರೀ ಸಗಣಿ ಹರಡಿತು.

"ಕಟ್ಟಿ ಮ್ಯಾಲ ಕುಂದ್ರಿಸ್ಯಾರಂದ್ರ ಸಿಕ್ಕಳು ನೋಡವ್ವ," ಎಂದು ಹೆಂಗಸರು ಪಿಸುಗುಟ್ಟಿದರು.

ಎಲ್ಲರೂ ಹಾಕಿಯಾದ ಮೇಲೆ ಚಾವಡಿಯ ಆಳು ವಾಲೀಕಾರ ಬುಟ್ಟಿ ಹೊರಗೆ ತಂದು, ನೀರಿನ ತೊಟ್ಟಿಯಲ್ಲಿ ಉಂಡೆಗಳನ್ನು ಒಂದೊಂದಾಗಿ ಹಿಸುಕಿದ. ಒಂದರೊಳಗಿಂದ ಬೋರಮಾಳ ಜಾರಿತು.

"ಯಾರ ಉಂಡಿರಿ ಅದು?" ಎಂದು ಗೌಡರು ಗುಡುಗಿದರು.

"ಯಾರದರೆ ಇರಲಿ ಗೌಡ್ರ," ಅಂದರು ಫೌಜದಾರರು. "ಈ ಬುಟ್ಟ್ಯಾಗ ಹುಸೇನಬಿ ಉಂಡಿ ಅಂತೂ ಇಲ್ಲ. ಅಕಿ ಕಟ್ಟಿ ಮ್ಯಾಲ ಕುಂತಿದ್ದು ಊರೇ ನೋಡೇತಿ."

ಗೌಡರ ಹೆಂಡತಿ ಗೌಡಶಾನಿ ಮೆಲ್ಲಗೆ ಕಟ್ಟೆಯ ಹತ್ತಿರ ಹೋಗಿ ಹುಸೇನಬಿಯ ಮುಂದೆ ಕೈ ಚಾಚಿದಳು.

"ನಾಳೆ ಬಾರವ್ವ, ಬಳಿ ಇಡಸು."

"ನಾಳೆ ನೋಡೂಣ್ರಿ," ಅಂದಳು ಹುಸೇನಬಿ, ಆ ಕೈ ಮುಟ್ಟದೆ. ನಾಲ್ಕು ದಿನ ಕಾಯಿಸಿ ಹೋದಳು.

ಅನುಮಾನವೇನೂ ಊರು ಬಿಡಲಿಲ್ಲ. ಹುಸೇನಬಿಯನ್ನು ಬಿಟ್ಟು ಉಳಿದವರ ಮೇಲೆಲ್ಲ ಹಂಚಿಹೋಯಿತು. ಬಹಳ ದಿನ ನಾನು ಅವ್ವನ ಟ್ರಂಕಿನ ಕಡೆಗೂ ವಾರೆಗಣ್ಣಿನಿಂದಲೇ ನೋಡುತ್ತಿದ್ದೆ.

ಫೌಜದಾರರು ನಿವೃತ್ತರಾಗಿ ಬಸವನ ಬಾಗೇವಾಡಿಯಲ್ಲಿದ್ದಾಗ, ಮದುವೆಯಾಗಿ ಅದೇ ಊರಿಗೆ ಹೋಗಿದ್ದ ನಾನು ಕೇಳಿಯೇಬಿಟ್ಟೆ.

"ಯಾರ್ದಿತ್ರಿ ಕಾಕಾರ, ಆ ಉಂಡಿ?"

"ನಾ ಒಳಕೋಣಿ ಬಾಗಿಲಕ್ಕ ಬೆನ್ನ ಹಾಕಿ ಕುಂತಿದ್ದೆ, ತಂಗಿ," ಅಂದರು. "ತಿರುಗಿ ನೋಡಿದ್ದರ ಹೆಸರ ನನ್ನ ಹೊಟ್ಟ್ಯಾಗ ಉಳೀತಿತ್ತು."

ಮೊನ್ನೆ ನಮ್ಮ ಮನೆಯಲ್ಲಿ ಬೆಳ್ಳಿಯ ಬಟ್ಟಲು ಕಾಣಲಿಲ್ಲ. ಹುಡುಕುವ ಮೊದಲೇ ಸೊಸೆ ಪಾತ್ರೆ ತಿಕ್ಕುವವಳ ಹೆಸರು ಹೇಳಿದಳು. ಬಟ್ಟಲು ಅಕ್ಕಿ ಡಬ್ಬಿಯಲ್ಲೇ ಸಿಕ್ಕಿತು. ತಿಕ್ಕುವವಳು ಮಾತ್ರ ಆಮೇಲೆ ಬರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂಡುವವರು ಈಗ ನಮ್ಮ ಮನೆಯಲ್ಲೂ ಇಲ್ಲ.